ಗಾಳಿ ಆರಿಸದ ದೀಪ

ಇಂದು ಕಾರ್ತಿಕದ ಮೊದಲ ಸೋಮವಾರ, ಸಂಜೆ ಆರು ಗಂಟೆ. ಉತ್ತರದ ಈ ಘಾಟುಗಳ ಊರಿನ ಕನ್ನಡ ಮಠದ ಚಾವಣಿಯ ಮೇಲೆ ನಾನೊಬ್ಬನೇ. ವಸುಧಾ, ಅಂದು ಆ ದೀಪವನ್ನು ಆರಿಸಿದ್ದು ಗಾಳಿಯಲ್ಲ — ನಾನು.

ಶಾಲೆಯಿಂದ ನಿವೃತ್ತನಾದ ಮೇಲೆ ಇಲ್ಲಿಯ ಆಕಾಶದೀಪಗಳು ನನ್ನ ಹೊಣೆ. ಬಿದಿರು ಬುಟ್ಟಿಯಲ್ಲಿ ಹಣತೆ ಇಟ್ಟು, ಸತ್ತವರ ಹೆಸರನ್ನು ಗಟ್ಟಿಯಾಗಿ ಹೇಳಿ, ಹಗ್ಗ ಎಳೆದು ಗಳದ ತುದಿಗೆ ಏರಿಸುವುದು. ಹೊತ್ತು ತಪ್ಪಬಾರದು, ಬತ್ತಿ ವಾರೆಯಾಗಬಾರದು. ಅಷ್ಟರಮಟ್ಟಿಗೆ ನಾನು ಸರಿಯಾದ ಮನುಷ್ಯ.

ಸುಡಾನಿನಲ್ಲಿ ಯುದ್ಧ ಶುರುವಾದಾಗ, ಅಲ್ಲಿ ಸಿಕ್ಕಿಬಿದ್ದ ಕನ್ನಡಿಗರಿಗಾಗಿ ಮಠದಲ್ಲಿ ರುದ್ರಾಭಿಷೇಕ ಮಾಡಿಸಿದೆವು. ಅವರು ವಿಮಾನ ಇಳಿದ ದಿನ ಲಾಡು ಹಂಚಿದವನು ನಾನೇ. ಮರುದಿನದಿಂದ ಆ ದೇಶದ ಸುದ್ದಿ ಓದುವುದನ್ನೇ ಬಿಟ್ಟೆ. ನಮ್ಮವರು ಬಂದಾಯಿತಲ್ಲ —

ಆ ಕಾರ್ತಿಕದಲ್ಲಿ ನೀನು ಬಂದೆ. ವಿಶ್ವವಿದ್ಯಾಲಯದಲ್ಲಿ ನಿನ್ನ ಜೊತೆ ಓದುತ್ತಿದ್ದ ಸುಡಾನಿನ ಅಮಲ್, ಅವಳ ತಮ್ಮ ಊರಿನಲ್ಲಿ ಶೆಲ್ ಬಿದ್ದು ಸತ್ತಿದ್ದ.

“ಅಜ್ಜಾ, ಸಿರ್ಫ್ ಒಂದು ದಿಯಾ ಹಾಕೋಣ, ಪ್ಲೀಸ್. ಅವಳು ಅಸ್ಸಿ ಘಾಟಿಂದ ನೋಡ್ತಾಳೆ.”

ಹೂಂ ಎಂದೆ. ನೀನೇ ಹೆಸರು ಹೇಳಿ ಏರಿಸಿ, ಅವಳ ಪಕ್ಕದಲ್ಲಿ ನಿಲ್ಲಲು ಅಸ್ಸಿ ಘಾಟಿಗೆ ಓಡಿದೆ. ಪರದೇಶದ ಹೆಸರು ಕಿವಿಗೆ ಬಿದ್ದು ಪಕ್ಕದ ಮನೆಯ ಪಾಂಡೆಜಿ ತಮ್ಮ ಚಾವಣಿಯಿಂದ ನಕ್ಕರು: “ಕಾ ಹೋ ಮಾಸ್ಟರ್ ಸಾಹಬ್, ದಿಲ್ಲಿ ಚುಪ್ ಹೈ, ಔರ್ ವಿದೇಶ್ ನೀತಿ ಅಬ್ ಮಠ್ ಕೀ ಛತ್ ಸೇ ಚಲೇಗೀ?”

ದಿಲ್ಲಿಯೇ ಸುಮ್ಮನಿರುವಾಗ ವಿದೇಶಾಂಗ ನೀತಿ ಮಠದ ಚಾವಣಿಯಿಂದ ನಡೆಯುತ್ತದೆಯೇ ಎಂಬ ಚೇಷ್ಟೆ, ಅಷ್ಟೇ. ನಕ್ಕು ಒಳಗೆ ಹೋದರು, ಮರೆತೂಬಿಟ್ಟರು. ನಾನು — ಹಗ್ಗ ಸಡಿಲಿಸಿದೆ. ಬುಟ್ಟಿ ಇಳಿಸಿದೆ. ಊದಿದೆ.

ಯಾವುದು ನನ್ನ ತಮ್ಮನದು ಎಂದು ಘಾಟಿನಲ್ಲಿ ಅಮಲ್ ಕೇಳುತ್ತಲೇ ಇದ್ದಳಂತೆ. ನೀನು ಏದುಸಿರು ಬಿಡುತ್ತ ಹಿಂದಿರುಗಿದಾಗ “ಗಾಳಿಗೆ ಆರಿತಮ್ಮ” ಎಂದೆ.

“ಮತ್ತೆ ಹಚ್ಚೋಣಾ ನಾ?”

“ಹೊತ್ತು ಮೀರಿತು.”

ನೀನು ನಂಬಿದೆ. ಹೊತ್ತಿನ ವಿಷಯದಲ್ಲಿ ನನ್ನನ್ನು ಯಾರು ತಾನೇ ನಂಬುವುದಿಲ್ಲ?

ಸರ್ಕಾರದ ಮೌನಕ್ಕೆ ಒಪ್ಪಂದವೋ ತೈಲವೋ, ಏನೋ ಕಾರಣ ಇದ್ದೀತು. ನನ್ನ ಮೌನಕ್ಕೆ ಒಬ್ಬ ನೆರೆಯವನ ನಗು ಸಾಕಾಯಿತು. ಇಂದಿಗೂ ಚಹಾದಂಗಡಿಯಲ್ಲಿ ಹೊರದೇಶದ ಯುದ್ಧವೆಂದರೆ ಪೆಟ್ರೋಲಿನ ಬೆಲೆಯ ಮಾತು. ಸಿಟ್ಟು ನೆತ್ತಿಗೇರುತ್ತದೆ, ಬಾಯಿ ಏಳುವುದಿಲ್ಲ — ಅವರು ದೀಪ ಹಚ್ಚದವರು, ಅಷ್ಟೇ. ನಾನು ಹಚ್ಚಿದ್ದನ್ನು ಆರಿಸಿದವನು.

ಈಗ ಎಲ್ಲ ಬುಟ್ಟಿಗಳನ್ನೂ ಏರಿಸಿ ಒಂದನ್ನು ಉಳಿಸಿಕೊಂಡೆ. ಹೆಸರು ಹೇಳಲು ಬಾಯಿ ತೆರೆದೆ — ಗೊತ್ತಿಲ್ಲ. ಅಂದು ನೀನು ಗಟ್ಟಿಯಾಗಿಯೇ ಹೇಳಿದ್ದೆ. ಪಾಂಡೆಜಿಗೂ ಕೇಳಿಸಿತ್ತು. ನಾನು ಬತ್ತಿ ನೆಟ್ಟಗಿದೆಯೇ ಎಂದು ನೋಡುತ್ತಿದ್ದೆ.

“ಅಮಲಳ ತಮ್ಮ” ಎಂದೆ, ಪಕ್ಕದ ಚಾವಣಿಗೂ ಕೇಳುವಂತೆ. ಏರಿಸಿದೆ. ಹಗ್ಗವನ್ನು ಗೂಟಕ್ಕೆ ಬಿಗಿದು ಕಟ್ಟಿದೆ.