ನಲವತ್ತೊಂಬತ್ತು ಕೀಗಳು

ಹಾಡು ಕಟ್ಟಲು ಬಳಸುವ ನನ್ನ ಹಳೆಯ ಮಿಡಿ ಕೀಬೋರ್ಡಿನ ನಡುವಿನ ನಾಲ್ಕು ಕೀಗಳು ಕೆಟ್ಟಿದ್ದವು. ಒಮ್ಮೆ ಒತ್ತಿದರೆ ಕಂಪ್ಯೂಟರಿನಲ್ಲಿ ಸ್ವರ ಎರಡು ಸಲ ಬೀಳುತ್ತಿತ್ತು. ಹೆಚ್ಚಿಗೆ ಬಿದ್ದದ್ದನ್ನು ಮೌಸ್ ಹಿಡಿದು ಒಂದೊಂದಾಗಿ ಅಳಿಸುತ್ತ ಒಂದು ವರ್ಷ ತಳ್ಳಿದೆ. ಚಿಕ್ಕೋಡಿಯಲ್ಲಿ ಮಿಕ್ಸರ್ ರಿಪೇರಿ ಅಂಗಡಿಯ ಮೇಲಿನ ಕೋಣೆಯೇ ನನ್ನ ಸ್ಟುಡಿಯೊ. ಸದ್ದು ಹೀರಲೆಂದು ಗೋಡೆಗೆ ಹಳೆಯ ಗಾದಿಗಳನ್ನು ಮೊಳೆ ಹೊಡೆದು ಕೂರಿಸಿದ್ದೇನೆ. ನಿಪ್ಪಾಣಿ, ರಾಯಬಾಗ, ಅಥಣಿ ಕಡೆಯಿಂದ ಬರುವುದು ಹೆಚ್ಚಾಗಿ ಹುಟ್ಟುಹಬ್ಬದ ಹಾಡಿನ ಆರ್ಡರ್. ಯಾರೋ ಯುವ ನಾಯಕನಿಗೆಂದು ಅವನ ಗೆಳೆಯರ ಬಳಗ ಮಾಡಿಸುವುದು. ರಾಗ ಅದೇ, ತಾಳ ಅದೇ. ಹೆಸರು ಬೇರೆ, ಕೆಲವೊಮ್ಮೆ ಭಾಷೆ ಮರಾಠಿ, ಅಷ್ಟೇ.

ಬಲಗೈ ಹೆಬ್ಬೆರಳಿನ ಬುಡ ನೋಯತೊಡಗಿದ ಮೇಲೆ, ಹೊಸದೊಂದನ್ನು ತಗೊಳ್ಳಿರೆಂದು ಹೆಂಡತಿ ಹಟ ಹಿಡಿದಳು. ಅವಳು ಅಂಕಲಿಯ ಶಾಲೆಯಲ್ಲಿ ಟೀಚರ್. ನಾನು ಮೊಬೈಲಿನಲ್ಲಿ ವಿಡಿಯೊ ನೋಡುತ್ತ ಎರಡು ತಿಂಗಳು ಕಳೆದೆ. ಇಪ್ಪತ್ತೈದು ಕೀ ಸಾಕೆಂದು ಒಬ್ಬ, ಅರವತ್ತೊಂದು ಇರಲೇಬೇಕೆಂದು ಇನ್ನೊಬ್ಬ. ನೋಡಿದಷ್ಟೂ ಬೇಸರ ಬಂತು. ಕಡೆಗೆ ಒಂದು ಭಾನುವಾರ ಇಬ್ಬರೂ ಕೊಲ್ಹಾಪುರದ ಬಸ್ಸು ಹತ್ತಿದೆವು.

ಅಲ್ಲಿನ ವಾದ್ಯದ ಅಂಗಡಿಯವರು ನಾಲ್ಕು ಕೀಬೋರ್ಡ್ ತೆಗೆದಿಟ್ಟರು. ಹೆಂಡತಿ ಒಂದರ ಮೇಲೆ ಬೆರಳಿಟ್ಟಳು, ಸದ್ದು ಬರಲಿಲ್ಲ. ಕೆಟ್ಟದ್ದನ್ನು ತೋರಿಸುತ್ತಿದ್ದಾರೆಂದು ನನ್ನ ಕಿವಿಯಲ್ಲಿ ಹೇಳಿದಳು. ಇದಕ್ಕೆ ತನ್ನದೇ ಧ್ವನಿ ಇರುವುದಿಲ್ಲ, ಕಂಪ್ಯೂಟರಿಗೆ ಜೋಡಿಸಿದರೇ ನುಡಿಯುವುದು ಎಂದು ಅಂಗಡಿಯವರು ಮರಾಠಿಯಲ್ಲಿ ತಿಳಿಸಿ, ವೈರು ಚುಚ್ಚಿ ಕೊಟ್ಟರು.

ಸಣ್ಣದರಲ್ಲಿ ಒಂದು ಬೆರಳಿಗೆ ಎರಡು ಕೀ ಸಿಗುತ್ತಿದ್ದವು. ಅರವತ್ತೊಂದರ ಕೀಗಳು ಒತ್ತಲು ಪಿಯಾನೊದಂತೆ ಭಾರ. ಎರಡು ಸಾಲು ನುಡಿಸುವಷ್ಟರಲ್ಲಿ ಹೆಬ್ಬೆರಳು ನೋವಿನಿಂದ ಸಿಡಿಯಿತು. ಮೂರನೆಯದರ ತುಂಬ ತಿರುಗುಗುಂಡಿಗಳು. ಅದನ್ನು ನುಡಿಸುವಾಗ ಹೆಂಡತಿ ಮೆಲ್ಲಗೆ ಅಂದಳು:

"ಎಲ್ಲಾದ್ರಾಗೂ ಆ ಹುಟ್ಟಹಬ್ಬದ ಹಾಡ ನುಡಸಾಕತ್ತೀರಲ್ರಿ."

ನನ್ನ ಕೈ ನಿಂತಿತು. ನನಗದು ಗೊತ್ತೇ ಆಗಿರಲಿಲ್ಲ.

"ನಿಮ್ಮ ಮನಸಿಂದು ಒಂದು ನುಡಸ್ರಿ," ಅಂದಳು.

ಹಳೆಯ ಭಜನೆಗಳನ್ನು ನುಡಿಸಿ ನೋಡಿದೆ. ಮದುವೆಗೆ ಮುಂಚೆ ಊರೂರಿನ ಭಜನೆಗೆ ಹಾರ್ಮೋನಿಯಂ ಪೇಟಿ ಬಾರಿಸಿದವನು ನಾನು. ಆ ಧಾಟಿಗಳ ಮೊದಲ ತುಂಡು ಬರುತ್ತಿತ್ತು, ಮುಂದಿನದು ಮತ್ತೊಂದರಲ್ಲಿ ಬೆರೆಯುತ್ತಿತ್ತು. ಅಂಗಡಿಯವರು ಸ್ವಲ್ಪ ಹೊತ್ತು ಕಾದು ಬೇರೆ ಗಿರಾಕಿಯ ಕಡೆ ಹೋದರು.

"ಏನೂ ನೆನಪಿಗೆ ಬರವಲ್ದು," ಅಂದೆ.

ಅವಳು ಆಚೀಚೆ ನೋಡಿ, ತುಟಿ ಬಿಚ್ಚದೆ ಒಂದು ಹಾಡು ಗುನುಗತೊಡಗಿದಳು. ಮಗಳು ಹುಟ್ಟಿದಾಗ ನಾನೇ ಕಟ್ಟಿದ್ದ ಜೋಗುಳ. ನಾಲ್ಕನೆಯ ಕೀಬೋರ್ಡಿನಲ್ಲಿ ಅವಳ ಹಿಂದೆ ಹೋದೆ. ನಲವತ್ತೊಂಬತ್ತು ಕೀ, ಹಗುರ, ಅಲಂಕಾರ ಏನೂ ಇಲ್ಲ. ಮೂರನೆಯ ಸಾಲಿನಲ್ಲಿ ಅವಳು ಒಂದು ಸ್ವರದಿಂದ ಇನ್ನೊಂದಕ್ಕೆ ಜಾರಿಸಿ ಎಳೆದಳು. ಪೇಟಿಯಲ್ಲಿ ಆ ಎಳೆತ ಎಂದೂ ಬಂದಿರಲಿಲ್ಲ. ಎಡಗೈಯಿಂದ ಪಕ್ಕದ, ಸ್ವರ ಜಾರಿಸುವ ಚಕ್ರ ತಿರುಗಿಸಿದೆ; ಎಳೆತ ಅರ್ಧ ಬಂತು. ಅವಳು ತಲೆದೂಗಲಿಲ್ಲ, ಆದರೆ ನಿಲ್ಲಿಸಲೂ ಇಲ್ಲ.

ಅದನ್ನೇ ಕಟ್ಟಿಸಿಕೊಂಡೆವು. ಮರುದಿನ ಮೇಜಿನ ಡ್ರಾವರ್ ಕಿತ್ತು ಅದಕ್ಕೆ ಜಾಗ ಮಾಡಿದೆ. ಅದರಲ್ಲಿ ಮೊದಲು ಮಾಡಿದ್ದು ರಾಯಬಾಗದವರೊಬ್ಬರ ಹುಟ್ಟುಹಬ್ಬದ ಹಾಡು. ಬೆರಳಿಗೆ ಸ್ವಲ್ಪ ಆರಾಮವೆನಿಸಿತು.

ಮುಂದಿನ ಭಾನುವಾರ ಅವಳನ್ನು ಮೈಕಿನ ಮುಂದೆ ಕೂರಿಸಿ ಜೋಗುಳ ಹಾಡಿಸಿದೆ. ಎರಡು ಸಾಲಿಗೆ ಗಂಟಲು ಒಡೆಯಿತು. ವಾರವೆಲ್ಲ ಕ್ಲಾಸಿನಲ್ಲಿ ಕೂಗಿದ ಗಂಟಲು. ಇನ್ನೊಮ್ಮೆ ಹಾಡೆನ್ನಲು ನನಗೂ ಮನಸ್ಸಾಗಲಿಲ್ಲ. ಕೋಣೆಗೆ ಬೀಗ ಹಾಕಿ, ಕೆಳಗೆ ನಿಂತು ಚಹಾ ಕುಡಿದು, ಇಬ್ಬರೂ ಮನೆಗೆ ನಡೆದೆವು.