ನಾನು ಹೊಲಿದ ಕರಡಿ ವೇಷ

ಬೈಲಹೊಂಗಲದಲ್ಲಿ ನನ್ನದೊಂದು ಸಣ್ಣ ಹೊಲಿಗೆ ಅಂಗಡಿ. ಸಾಲಿ ಹುಡುಗರ ಯೂನಿಫಾರ್ಮು, ಹೆಣ್ಣುಮಕ್ಕಳ ಜಂಪರು, ಅಷ್ಟೇ ಕೆಲಸ. ಕೆಲವು ವರ್ಷಗಳ ಹಿಂದೆ, ಹುಟ್ಟುಹಬ್ಬಗಳಿಗೆ ಬಲೂನು ಕಟ್ಟಿ ಅಲಂಕಾರ ಮಾಡುವ ಗೆಳೆಯನೊಬ್ಬ ಮೊಬೈಲಿನಲ್ಲಿ ಕರಡಿ ವೇಷದ ಫೋಟೊ ತೋರಿಸಿ, "ಇಂಥಾದ್ದೊಂದು ಹೊಲದು ಕೊಡತಿಯೇನ?" ಎಂದ. ಅಂಥದ್ದನ್ನು ಎಂದೂ ಹೊಲಿದಿರಲಿಲ್ಲ. ಅದಕ್ಕೇ ಒಪ್ಪಿಕೊಂಡೆ.

ಕಂದು ಬಣ್ಣದ ಮೆತ್ತನೆಯ ಬ್ಲಾಂಕೆಟ್ಟು ಎರಡು ತಂದು ಕತ್ತರಿಸಿದೆ. ತಲೆಗೆ ಹಳೆಯ ಹೆಲ್ಮೆಟ್ಟಿನ ಆಸರೆ ಕೊಟ್ಟೆ. ಹೊಟ್ಟೆಗೆ ಹೆಂಡತಿ ಹತ್ತಿ ತುಂಬಿದಳು. ಒಳಗಿದ್ದವನಿಗೆ ಹೊರಗಿನದು ಕಾಣಲೆಂದು ಕರಡಿಯ ಬಾಯಿಯನ್ನು ತೆರೆದೇ ಇಟ್ಟೆ. ಗೆಳೆಯನ ಕೆಲಸದವನು ಒಮ್ಮೆ ಹಾಕಿಕೊಂಡು, "ಇದರಾಗ ಜೀವಾ ಹೋಗತೈತಿ" ಎಂದು ಕಿತ್ತೊಗೆದ. ಆಮೇಲೆ ನಾನೇ ಹಾಕಿಕೊಳ್ಳತೊಡಗಿದೆ. ವೇಷವೂ ನನ್ನಲ್ಲೇ ಉಳಿಯಿತು. ಕಿತ್ತೂರು, ಸವದತ್ತಿ, ರಾಮದುರ್ಗ, ಎಲ್ಲಿ ಕರೆದರೂ ಅವನ ಜೊತೆ ಹೊರಡುತ್ತಿದ್ದೆ. ಬೆವರಿಗೆ ಬನೀನು ಹಿಂಡುವಂತಾಗುತ್ತಿತ್ತು, ಹುಡುಗರು ಹೊಟ್ಟೆಗೆ ಗುದ್ದುತ್ತಿದ್ದರು. ಆದರೂ ನನಗದು ಸೇರುತ್ತಿತ್ತು. ಮನೆಯಲ್ಲಿ ಮುಖ ಬಿಗಿದುಕೊಂಡೇ ಇರುವ ನಾನು ಅದರೊಳಗೆ ಕುಣಿಯುತ್ತಿದ್ದೆ.

ಆ ದಿನ ನೇಸರಗಿಯ ಆಚೆ ಒಂದು ಹಳ್ಳಿಗೆ ಹೋಗಿದ್ದೆವು. ದೊಡ್ಡ ಮನೆ, ಮೊಮ್ಮಗಳ ಮೊದಲ ಹುಟ್ಟುಹಬ್ಬ. ಕೂಸು ನನ್ನನ್ನು ಕಂಡು ಅಳಲಿಲ್ಲ, ಕಿವಿ ಹಿಡಿದು ಜಗ್ಗಿತು. ಅಜ್ಜಿ ಅದನ್ನು ನನ್ನ ತೋಳಿಗೆ ಕೊಟ್ಟು ಪಕ್ಕದಲ್ಲಿ ನಿಂತು ಫೋಟೊ ತೆಗೆಸಿಕೊಂಡಳು. ಕೇಕು ಕತ್ತರಿಸಿದ ಮೇಲೆ, "ನಮ್ಮ ಕರಡಿಗೂ ಹಸಿವ್ಯಾಗೇತಿ" ಎಂದು ಒಂದು ತುಣುಕನ್ನು ಕರಡಿಯ ಬಾಯೊಳಗೆ ತೂರಿಸಿದಳು. ಅವಳ ಬೆರಳು ನನ್ನ ತುಟಿಗೆ ತಾಗಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ದೊಡ್ಡವನಾದ ಮೇಲೆ ಯಾರೂ ನನಗೆ ಹೀಗೆ ಬಾಯಿಗೆ ತುತ್ತಿಟ್ಟಿರಲಿಲ್ಲ.

ನೀರು ಕುಡಿಯಲೆಂದು ಹಿತ್ತಲಿಗೆ ಬಂದು ಕರಡಿಯ ತಲೆ ಕಳಚಿದೆ. ಕಟ್ಟೆಯ ಮೇಲೆ ಕೂತಿದ್ದ ಮನೆಯ ಹಿರಿಯ, "ಯಾವೂರಪಾ ನಿಂದು?" ಎಂದ.

"ಸಂಪಗಾಂವ್ರಿ."

"ಅಲ್ಲಿ ಯಾರ ಪೈಕಿ?"

ಅಪ್ಪನ ಹೆಸರು ಹೇಳಿದೆ, ಊರಂಚಿನ ನಮ್ಮ ಕೇರಿ ಹೇಳಿದೆ. ಅಪ್ಪನ ಕಾಲಕ್ಕೇ ನಾವು ಬೌದ್ಧರಾದೆವೆಂದೂ ಹೇಳಿದೆ. ಅವನಿಗೆ ಕೇಳಿಸಿದ್ದು ಕೇರಿ ಮಾತ್ರ.

"ಹಂಗಾದ್ರ ಅಲ್ಲೇ ನಿಲ್ಲು. ನೀರು ಅಲ್ಲೇ ತಂದು ಕೊಡತಾರ."

ಅಜ್ಜಿ ಬಾಗಿಲಿಗೆ ಬಂದಳು. ಮುದುಕ ತಗ್ಗಿದ ದನಿಯಲ್ಲಿ ಏನೋ ಅಂದ. ಅವಳು ತನ್ನ ಬೆರಳು ನೋಡಿಕೊಂಡಳು. ನಳದ ಕೆಳಗೆ ಹಿಡಿದು ತಿಕ್ಕಿ ತಿಕ್ಕಿ ತೊಳೆದಳು, ನನ್ನೆದುರಿಗೇ. ಆಮೇಲೆ ಒಳಗೆ ಕೂಗಿದಳು: "ಕೂಸಿನ ಹೊಸಾ ಫ್ರಾಕ್ ತಗೀರಿ. ಮೈ ತೊಳೀರಿ ಅದಕ್ಕ."

ನಾನೇನು ಮಾಡಿದೆ? ಕೈ ಮುಗಿದು, "ತಪ್ಪಾತ್ರೀ" ಎಂದೆ.

ವಾಪಸು ಬರುವಾಗ ಗೆಳೆಯ ಸಿಟ್ಟಾದ. ಅವರ ಮೇಲಲ್ಲ, ನನ್ನ ಮೇಲೆ. "ಬ್ಯಾರೆ ಏನರೆ ಹೇಳಾಕ ಬರತಿದ್ದಿಲ್ಲೇನ? ಇನ್ನ ಆ ಕಡೆ ಯಾರು ಕರೀತಾರ ನನ್ನ?" ನನ್ನ ಜೊತೆ ಎಷ್ಟೋ ಸಲ ಒಂದೇ ತಾಟಿನಲ್ಲಿ ಉಂಡವನು ಅವನು. ವಾರದ ಮೇಲೆ ಅಂಗಡಿಗೆ ಬಂದು, "ನೀ ಬರೂದು ಬ್ಯಾಡ. ವೇಷ ಅಷ್ಟ ಕೊಡು, ಬ್ಯಾರೇದಾಂವ ಹಾಕ್ಕೋತಾನ" ಎಂದ.

"ಹೊಲದಾಂವ ನಾನು. ಅದು ನಡೀತೈತೇನ ಅವರಿಗೆ?"

"ಯಾರು ಹೊಲದಾರ ಅಂತ ಯಾರಿಗೆ ಗೊತ್ತಾಗತೈತಿ ಬಿಡು."

ಕೊಡಲಿಲ್ಲ. ಅವನು ಬೆಳಗಾವಿಯಿಂದ ಸಿದ್ಧ ವೇಷ ತಂದುಕೊಂಡನಂತೆ. ಈಗ ಎದುರಾದರೆ ಇಬ್ಬರೂ ಮುಖ ತಿರುಗಿಸುತ್ತೇವೆ.

ಆ ಮನೆಯವರ ಮೇಲಿನ ಸಿಟ್ಟು ನನಗೆ ಭಾರವಲ್ಲ, ಅಂಥದ್ದು ಹೊತ್ತು ರೂಢಿಯಿದೆ. ನಾನೇ ಆಡಿದ ಆ "ತಪ್ಪಾತ್ರೀ" ಮಾತ್ರ ಇಳಿಯುತ್ತಿಲ್ಲ. ಕಾಲೇಜು ಓದುವ ಮಗಳು, ನಡೆದದ್ದನ್ನೆಲ್ಲ ಕೇಳಿ, "ನಿಂದೇನ ತಪ್ಪಿತ್ತಪಾ?" ಎಂದಳು. ನಾನು ಮಷಿನ್ನಿನ ಮೇಲೆ ಬಗ್ಗಿ ಯೂನಿಫಾರ್ಮು ಹೊಲಿಯತೊಡಗಿದೆ. ಅವತ್ತಿನಿಂದ ಅವಳೂ ಮತ್ತೆ ಕೇಳಿಲ್ಲ.