ಫ್ರಿಜ್ಜಿನ ಮೇಲಿನ ಸಜ್ಜೆರೊಟ್ಟಿ

ಓದಲೆಂದು ಜರ್ಮನಿಯ ಲೈಪ್‌ಜಿಗ್‌ಗೆ ಬಂದ ಮೊದಲ ಸಂಜೆ, ನಾನು ರೂಮು ಹಿಡಿದಿದ್ದ ಮನೆಯ ಯಜಮಾನಿ ಹೆಲ್ಗಾ ಊಟಕ್ಕೆ ಕರೆದಳು. ಹೋಗಿ ನೋಡಿದರೆ ಒಲೆಯೇ ಹೊತ್ತಿಸಿಲ್ಲ! ಕಪ್ಪು ಬ್ರೆಡ್ಡು, ಚೀಸು, ಹೆಚ್ಚಿದ ಸೌತೆಕಾಯಿ. ಎಲ್ಲವೂ ತಣ್ಣಗೆ. ಇದಕ್ಕೆ 'ಆಬೆಂಟ್‌ಬ್ರೋಟ್' ಅನ್ನುತ್ತಾರೆ, ಸಂಜೆಯ ಬ್ರೆಡ್ಡು ಅಂತ. ನಮ್ಮೂರು ಮಾನ್ವಿಯಲ್ಲಿ ಬೀಗರಿಗೆ ಹೀಗೆ ಬಡಿಸಿ ನೋಡಿ, ಸಂಬಂಧವೇ ಮುರಿದುಬಿದ್ದೀತು. ಇಲ್ಲಿ ಒತ್ತಾಯ ಮಾಡುವವರೂ ಇಲ್ಲ. ಒಮ್ಮೆ ಬೇಡ ಅಂದರೆ ಬೇಡವೇ. ನಾನು ಸಂಕೋಚಕ್ಕೆ ಬೇಡವೆಂದು ಹಸಿದೇ ಮಲಗಿದೆ.

ಹಾಗಾಗಿ ವಿಜಯಕ್ಕ ಸಿಕ್ಕಾಗ ಮರುಜನ್ಮ ಬಂದಂತಾಯಿತು. ಭಾರತೀಯರ ಅಂಗಡಿಯಲ್ಲಿ ಜೋಳದ ಹಿಟ್ಟಿನ ಒಂದೇ ಪಾಕೀಟಿಗೆ ಇಬ್ಬರೂ ಕೈ ಹಾಕಿದ್ದೆವು. ಅವಳ ತವರು ನಮ್ಮ ಪಕ್ಕದ ದೇವದುರ್ಗ, ಗಂಡ ಇಲ್ಲಿ ಎಂಜಿನಿಯರ್.

"ಮಾನ್ವಿ ಅಂದ್ರ ನಮ್ಮ ಮನಿ ಹುಡುಗಿನೇ ಬಿಡು. ಐತಾರ ಬಾ," ಎಂದಳು.

ಆಮೇಲೆ ಪ್ರತಿ ಭಾನುವಾರ ಅವಳ ಅಡುಗೆಮನೆಯಲ್ಲಿ ನಾನು ರೊಟ್ಟಿ ಬಡಿಯುವುದು, ಅವಳು ಎಣ್ಣೆಗಾಯಿ ಮಾಡುವುದು. "ನಿನ್ನ ಕೈ ರೊಟ್ಟಿ ತಿಂದ್ರ ನಮ್ಮವ್ವ ನೆನಪಾಗ್ತಾಳ ನೋಡು," ಎನ್ನುತ್ತಿದ್ದಳು. ವಾರವಿಡೀ ಜರ್ಮನ್ ವ್ಯಾಕರಣದ ಜೊತೆ ಗುದ್ದಾಡಿ, ಆ ಒಂದು ದಿನಕ್ಕೆ ಕಾಯುತ್ತಿದ್ದೆ. ಇಡೀ ದೇಶದಲ್ಲಿ ನನ್ನದು ಎನ್ನಬಹುದಾದ ಜಾಗ ಆ ಒಲೆಯ ಮುಂದಿನದೊಂದೇ ಆಗಿತ್ತು.

ಒಂದು ಭಾನುವಾರ ಅವಳು ಕೇಳಿದಳು: "ಮಾನ್ವಿಯಾಗ ಯಾವ ಓಣಿ ನಿಮ್ಮದು?"

"ಬುದ್ಧವಿಹಾರದ ಹಿಂದ, ಅಕ್ಕಾ."

ನಮ್ಮಲ್ಲಿ ಓಣಿ ಹೇಳಿದರೆ ಜಾತಿ ಹೇಳಿದ ಹಾಗೆ. ನನಗದು ಗೊತ್ತಿಲ್ಲದ್ದೇನಲ್ಲ, ಸಮುದ್ರ ದಾಟಿದ ಮೇಲೂ ಅದೇ ಲೆಕ್ಕ ನಡೆಯುತ್ತದೆಂದು ಅಂದುಕೊಂಡಿರಲಿಲ್ಲ, ಅಷ್ಟೆ. ಅಕ್ಕ "ಹೌದಾ" ಎಂದು ಎಣ್ಣೆಗಾಯಿ ತಿರುವಿದಳು. ಮುಂದಿನ ವಾರ "ಓದಿ ದಣದಿರ್ತಿ, ಹೊರಗ ಕುಂಡ್ರು," ಎಂದು ನನ್ನನ್ನು ಅಡುಗೆಮನೆಗೆ ಬಿಡಲಿಲ್ಲ. ಊಟಕ್ಕೆ ನನಗೊಬ್ಬಳಿಗೆ ಕಾಗದದ ತಟ್ಟೆ. ಅದರ ಮುಂದಿನ ವಾರ ಫೋನೇ ಇಲ್ಲ.

ಎಳ್ಳಮಾಸಿಗೆ ಮತ್ತೆ ಕರೆದಳು. ಊರಲ್ಲಾದರೆ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗುವ ಹಬ್ಬ; ಇಲ್ಲಿ ಹೊರಗೆಲ್ಲ ಹಿಮ, ಅದಕ್ಕೆ ಅವಳ ಮನೆಯಲ್ಲೇ. ಐದಾರು ಕನ್ನಡದ ಮನೆಯವರು ಒಂದೊಂದು ಅಡುಗೆ ಮಾಡಿ ತರಬೇಕು. ನನಗೆ ಮಾತ್ರ "ನೀ ಏನೂ ಮಾಡಬ್ಯಾಡ, ಕೂಲ್‌ಡ್ರಿಂಕ್ ಬಾಟ್ಲಿ ತಗೊಂಡ್ ಬಾ," ಎಂದಳು. ನಾನೂ ಹಟಮಾರಿ. ಹೆಲ್ಗಾಳ ಒಲೆಯ ಮೇಲೆ ಎಳ್ಳು ಹಚ್ಚಿದ ಸಜ್ಜೆರೊಟ್ಟಿ ಮಾಡಿದೆ. ವಾಸನೆಗೆ ಎದ್ದು ಬಂದ ಹೆಲ್ಗಾ ಕೇಳದೆಯೇ ಒಂದನ್ನು ಮುರಿದು ಬಾಯಿಗೆ ಹಾಕಿಕೊಂಡಳು. ಉಳಿದವನ್ನು ಬಿಳಿ ಬಟ್ಟೆಯಲ್ಲಿ ಗಂಟು ಕಟ್ಟಿ ಒಯ್ದೆ. ಅಕ್ಕ ನಗುತ್ತಲೇ ಗಂಟು ಇಸಿದುಕೊಂಡು ಫ್ರಿಜ್ಜಿನ ಮೇಲಿಟ್ಟಳು.

ಎಲ್ಲರೂ ಉಣ್ಣಲು ಕುಳಿತಾಗ ಹಿರಿಯರೊಬ್ಬರು ಕೇಳಿದರು: "ಸಜ್ಜಿರೊಟ್ಟಿ ಇಲ್ಲೇನ್ರಿ? ಎಳ್ಳಮಾಸಿಗಿ ಅದಿಲ್ಲಾಂದ್ರ ಹೆಂಗ?"

"ಈ ಸಲ ಯಾರೂ ತಂದಿಲ್ರಿ," ಎಂದಳು ವಿಜಯಕ್ಕ, ನನ್ನ ಕಡೆ ನೋಡದೆ.

ನಾನು ತಂದೀನಿ ಎಂದು ಕೂಗಬಹುದಿತ್ತು. ಓಣಿ ಕೇಳಿ ದೂರ ಸರಿಯುವವರನ್ನು ಊರಲ್ಲಿ ಬೇಕಾದಷ್ಟು ಕಂಡಿದ್ದೇನೆ. ಅವರಿಂದ ನಾನು ಏನನ್ನೂ ಬಯಸಿರಲಿಲ್ಲ. ಇವಳನ್ನು ಬಾಯ್ತುಂಬ ಅಕ್ಕಾ ಎಂದಿದ್ದೆ, ನೋವಾದದ್ದು ಅದಕ್ಕೆ. ಹೊರಡುವಾಗ ಗಂಟನ್ನು ನಾನೇ ಕೆಳಗಿಳಿಸಿಕೊಂಡೆ. ಯಾರೂ ಬಿಚ್ಚಿರಲಿಲ್ಲ.

ರೂಮಿಗೆ ಬಂದು ಅವ್ವನಿಗೆ ವಿಡಿಯೋ ಕಾಲ್ ಮಾಡಿ ಎಲ್ಲ ಹೇಳಿದೆ. ಅವಳು ಯಾರನ್ನೂ ಬಯ್ಯಲಿಲ್ಲ.

"ರೊಟ್ಟಿ ಅಲ್ಲೇ ಬಿಟ್ಟು ಬಂದಿಯೇನು?"

"ಇಲ್ಲವ್ವಾ, ತಂದೀನಿ."

"ಹಂಗಾರ ನನ್ನ ಮುಂದ ಕುಂತು ತಿನ್ನು."

ಅಳುತ್ತಲೇ ತಿಂದೆ.

ಮೊನ್ನೆ ಟ್ರಾಮಿನಲ್ಲಿ ಹಿಂದಿನ ಸೀಟಿನಿಂದ "ಎಷ್ಟ್ ಥಂಡಿ ಅದಲೇ ಯಪ್ಪಾ!" ಎಂಬ ಮಾತು ಕೇಳಿತು. ನಮ್ಮ ಕಡೆಯದೇ ಕನ್ನಡ. ಜೀವ ಹಿಗ್ಗಿ, ಯಾವೂರ್ರಿ ಎಂದು ಕೇಳಲು ತಿರುಗಿದೆ. ಆದರೆ ಅವರೂ ನನ್ನ ಊರು ಕೇಳುತ್ತಾರೆ, ಆಮೇಲೆ ಓಣಿ ಕೇಳುತ್ತಾರೆ ಎನ್ನಿಸಿತು. ಮುಖ ತಿರುಗಿಸಿಕೊಂಡು, ಪಕ್ಕದಲ್ಲಿದ್ದ ಮುದುಕಿಗೆ ಹರಕುಮುರುಕು ಜರ್ಮನ್‌ನಲ್ಲಿ ಹೇಳಿದೆ: ಇವತ್ತು ಥಂಡಿ ಬಹಳ.